ಮನಾಲಿಯಲ್ಲಿ ಎರಡು ದಿನ, ಸುರಂಗದಾಚೆ ಮೂರು ತಿಂಗಳು: ಹಿಮ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ?

ಓದುಗರ ಪ್ರಶ್ನೆ: ಸರ್, ಜನವರಿ ಕೊನೆಯಲ್ಲಿ ನಾವು ನಾಲ್ಕು ಜನ ಬೆಂಗಳೂರಿನಿಂದ ಮನಾಲಿಗೆ ಹೋಗಿದ್ದೆವು. ಹೋದ ರಾತ್ರಿಯೇ ಹಿಮ ಬಿತ್ತು. ಎರಡೇ ದಿನಕ್ಕೆ ಮಾಲ್ ರೋಡಿನಲ್ಲಿ ಬರೀ ಕೆಸರು. ಆದರೆ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋದರೆ ಅಲ್ಲಿ ಸೊಂಟದವರೆಗೆ ಹಿಮ. ಒಂಬತ್ತು ಕಿಲೋಮೀಟರ್ ಸುರಂಗ ಅಷ್ಟೇ ಅಲ್ವಾ, ಇಷ್ಟು ವ್ಯತ್ಯಾಸ ಹೇಗೆ? ಮೇ ತಿಂಗಳಲ್ಲಿ ಹೋದ ಗೆಳೆಯರು ರೋಹ್ತಾಂಗ್ ಪಾಸಿನಲ್ಲಿ ಬಸ್ಸಿಗಿಂತ ಎತ್ತರದ ಹಿಮದ ಗೋಡೆಯ ಫೋಟೊ ಕಳಿಸಿದ್ದಾರೆ. ಅಷ್ಟು ಬಿಸಿಲಲ್ಲೂ ಅದು ಉಳಿದದ್ದು ಹೇಗೆ? ವರ್ಷದಿಂದ ವರ್ಷಕ್ಕೆ ಹಿಮ ಕಮ್ಮಿ ಆಗುತ್ತಿದೆ ಎಂದು ಹೋಟೆಲಿನವರು ಹೇಳಿದರು, ನಿಜವಾ? ಕೊನೆಯದಾಗಿ, ಅಪ್ಪ ಅಮ್ಮನಿಗೆ ಹಿಮ ತೋರಿಸಬೇಕು. ಯಾವಾಗ ಕರೆದುಕೊಂಡು ಹೋಗಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ‘ಸೊಂಟದವರೆಗೆ’. ಹಿಮ ನೋಡಿ ಬಂದವರೆಲ್ಲ ಎತ್ತರವನ್ನೇ ಹೇಳುತ್ತಾರೆ. ಮೊಣಕಾಲು, ಸೊಂಟ, ಬಸ್ಸಿನ ಟಾಪು. ಹಿಮ ಅಳೆಯುವ ಕೆಲಸದಲ್ಲಿರುವ ನಾವು ಎತ್ತರ ಕೇಳಿ ಸುಮ್ಮನಾಗುವುದಿಲ್ಲ. ಅದರಲ್ಲಿ ನೀರೆಷ್ಟಿದೆ, ಯಾವ ತಿಂಗಳವರೆಗೆ ನಿಲ್ಲುತ್ತದೆ ಎಂದು ಕೇಳುತ್ತೇವೆ. ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಇರುವುದು ಈ ಎರಡರಲ್ಲೇ.

ಮೊದಲು ಒಂದು ಶಬ್ದದ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಮಂಜು ಎಂದರೆ ಮಡಿಕೇರಿಯ ಬೆಳಗಿನ ಮಬ್ಬೂ ಹೌದು, ಕಾಶ್ಮೀರದಲ್ಲಿ ಬೀಳುವುದೂ ಹೌದು. ಹಿಮಪಾತ ಎಂದು ಪೇಪರಿನಲ್ಲಿ ಓದಿದರೆ ಹಿಮ ಬಿತ್ತೋ, ಗುಡ್ಡದಿಂದ ಜಾರಿ ಜನರ ಮೇಲೆ ಬಿತ್ತೋ ಗೊತ್ತಾಗುವುದಿಲ್ಲ. ಇಲ್ಲಿ ನಾನು ಆಕಾಶದಿಂದ ಬೀಳುವುದಕ್ಕೆ ಹಿಮ, ಗಟ್ಟಿಯಾದ ನೀರಿಗೆ ಮಂಜುಗಡ್ಡೆ, ಗುಡ್ಡದಿಂದ ಜಾರುವುದಕ್ಕೆ ಹಿಮಕುಸಿತ ಎಂದು ಬರೆಯುತ್ತೇನೆ.

ಮನಾಲಿ ಕಡೆಗೂ, ಸುರಂಗದಾಚೆ ಸಿಸ್ಸು ಇರುವ ಲಾಹೌಲ್ ಕಡೆಗೂ ಹಿಮ ತರುವುದು ಮುಂಗಾರಲ್ಲ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ಬಿರುಗಾಳಿಗಳು ಎತ್ತರದ ಪಡುವಣ ಗಾಳಿಯ ಜೊತೆ ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತವೆ. ಬರುತ್ತಾ ಅರಬ್ಬೀ ಸಮುದ್ರದಿಂದಲೂ ತೇವ ಎಳೆದುಕೊಳ್ಳುತ್ತವೆ. ಇವಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಹಿಮಾಚಲದ ಟ್ಯಾಕ್ಸಿ ಡ್ರೈವರುಗಳ ಬಾಯಲ್ಲೂ ‘ಡಬ್ಲ್ಯೂಡಿ ಬರ್ತಿದೆ’ ಎಂಬ ಮಾತು ಕೇಳಬಹುದು. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕಾರು ಹೀಗೆ ಹಾದುಹೋಗುತ್ತವೆ. ಎಲ್ಲವೂ ಹಿಮ ಸುರಿಸುವುದಿಲ್ಲ. ಕೆಲವು ಬರೀ ಮೋಡ ತೋರಿಸಿ ಹೋಗುತ್ತವೆ. ಒಂದು ಇಡೀ ಚಳಿಗಾಲದ ಹಿಮ ಎಷ್ಟೋ ಸಲ ಮೂರು ನಾಲ್ಕು ಗಟ್ಟಿ ಬಿರುಗಾಳಿಗಳ ಸಂಪಾದನೆ.

ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆಯಲ್ಲಿ ಸುರಿಯುವ ಮಳೆ ಚಿತ್ರದುರ್ಗಕ್ಕೆ ಯಾಕಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಘಟ್ಟ ಗಾಳಿಯನ್ನು ಮೇಲೆತ್ತುತ್ತದೆ, ಗಾಳಿ ತಣ್ಣಗಾಗುತ್ತದೆ, ಹೊತ್ತಿದ್ದನ್ನು ಅಲ್ಲೇ ಇಳಿಸುತ್ತದೆ. ರೋಹ್ತಾಂಗ್ ಇರುವ ಪೀರ್ ಪಂಜಾಲ್ ಬೆಟ್ಟಸಾಲಿನದ್ದೂ ಇದೇ ಕೆಲಸ. ಜುಲೈನಲ್ಲಿ ಮನಾಲಿಯಲ್ಲಿ ಕೊಡೆ ಬೇಕು, ಆಚೆ ಲಾಹೌಲ್‌ನಲ್ಲಿ ಧೂಳು. ಆದರೆ ಚಳಿಗಾಲದ ಬಿರುಗಾಳಿ ಮುಂಗಾರಿನ ಹಾಗೆ ಕೆಳಮಟ್ಟದಲ್ಲಿ ಬರುವುದಿಲ್ಲ. ಅದರ ಎಷ್ಟೋ ಭಾಗ ಸಾಲಿನ ಮೇಲೆ ಹಾದು ಲಾಹೌಲ್‌ಗೂ ಪಾಲು ಹಾಕುತ್ತದೆ. ಮಳೆಗಾಲದಲ್ಲಿ ಒಣಗಿರುವ ಊರು ಚಳಿಗಾಲದಲ್ಲಿ ಹಿಮದಡಿ ಹೂತುಹೋಗುವುದು ಹೀಗೆ.

ಈಗ ನಿಮ್ಮ ಸುರಂಗದ ವಿಷಯ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಸಿಸ್ಸು 3,100ರ ಆಸುಪಾಸು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಉಷ್ಣತೆ ಇಳಿಯುತ್ತದೆ. ನೀವು ಸುರಂಗದಲ್ಲಿ ಉದ್ದಕ್ಕೆ ಹೋದದ್ದು 9 ಕಿಲೋಮೀಟರ್. ಆದರೆ ಮನಾಲಿಯಿಂದ ಸುರಂಗದ ಬಾಯಿಗೆ ಹೋಗುವಷ್ಟರಲ್ಲೇ ಒಂದು ಕಿಲೋಮೀಟರ್ ಮೇಲಕ್ಕೆ ಹತ್ತಿಬಿಟ್ಟಿದ್ದಿರಿ. ಕಾರಿನಲ್ಲಿ ಹೀಟರ್ ಇದ್ದುದರಿಂದ ಗೊತ್ತಾಗಿರಲಿಕ್ಕಿಲ್ಲ.

ಈ 6 ಡಿಗ್ರಿ ಎಲ್ಲವನ್ನೂ ಬದಲಿಸುತ್ತದೆ. ಮನಾಲಿಯಲ್ಲಿ ಹಿಮ ಬೀಳುವಾಗ ಉಷ್ಣತೆ ಎಷ್ಟೋ ಸಲ ಸೊನ್ನೆಯ ಅಂಚಿನಲ್ಲೇ ಇರುತ್ತದೆ. ಒಂದು ಡಿಗ್ರಿ ಜಾಸ್ತಿ ಇದ್ದಿದ್ದರೆ ಅದು ಮಳೆಯೇ. ಅಂಥ ಹಿಮ ಬೀಳುವಾಗಲೇ ಒದ್ದೆ. ಬಿದ್ದದ್ದು ಹಗಲಿಡೀ ಬಿಸಿಲು ಕುಡಿದ ಟಾರು, ಕಾಂಕ್ರೀಟಿನ ಮೇಲೆ. ಕೆಳಗಿನಿಂದ ನೆಲ ಕರಗಿಸುತ್ತದೆ, ಮೇಲಿಂದ ಟೈರು ಕೆಸರು ಕಲಸುತ್ತದೆ. ಎರಡು ದಿನ ಉಳಿದದ್ದೇ ದೊಡ್ಡದು. ಸಿಸ್ಸುವಿನ ಹಿಮ ಒಣ ಹಿಮ. ಅದು ಬಿದ್ದದ್ದು ಆಗಲೇ ಹೆಪ್ಪುಗಟ್ಟಿದ ನೆಲದ ಮೇಲೋ, ಹಿಂದಿನ ಹಿಮದ ಮೇಲೋ. ಕಣಿವೆ ಆಳವಾದ್ದರಿಂದ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ರಾತ್ರಿ ಸುತ್ತಲಿನ ಗುಡ್ಡಗಳ ತಣ್ಣನೆ ಗಾಳಿ ಇಳಿದು ತಳದಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ.

ಹಿಮಕ್ಕೆ ಹಿಮವೇ ಆಸರೆ ಎನ್ನುವುದನ್ನು ಮರೆಯಬೇಡಿ. ಮೊದಲ ಹಿಮ ನಿಂತರೆ ಎರಡನೆಯದೂ ನಿಲ್ಲುತ್ತದೆ. ಮೊದಲನೆಯದು ಕರಗಿಹೋದ ಕಡೆ ಪ್ರತಿ ಸಲವೂ ಸೊನ್ನೆಯಿಂದ ಶುರು.

ನೀವು ಸೊಂಟದವರೆಗೆ ಕಂಡದ್ದು ಒಂದೇ ಹಿಮವಲ್ಲ, ಡಿಸೆಂಬರಿನಿಂದ ಬಿದ್ದ ಎಲ್ಲದರ ಅಡಕಲು. ನಾವು ಇದನ್ನು ನೋಡಲು ಗುಂಡಿ ತೋಡುತ್ತೇವೆ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಸಲಿಕೆ ಹಿಡಿದು ನೆಲ ಸಿಗುವವರೆಗೆ ತೋಡುವುದು, ನೆರಳಿನ ಕಡೆಯ ಗೋಡೆಯನ್ನು ನೀಟಾಗಿ ಕೆತ್ತುವುದು. ಗೋಡೆ ನೋಡಿದರೆ ಚಿರೋಟಿ ಮುರಿದ ಹಾಗೆ ಪದರ ಪದರ. ಒಂದೊಂದು ಬಿರುಗಾಳಿಗೆ ಒಂದೊಂದು ಪದರ. ನಡುವೆ ಗಾಜಿನಂಥ ತೆಳು ಗೆರೆ ಕಂಡರೆ ಅಲ್ಲೊಂದು ದಿನ ಜೋರು ಬಿಸಿಲು ಬಂದು ರಾತ್ರಿ ಹೆಪ್ಪುಗಟ್ಟಿತ್ತು ಎಂದರ್ಥ. ಬೂದು ಗೆರೆ ಇದ್ದರೆ ಧೂಳಿನ ಗಾಳಿ ಬೀಸಿತ್ತು. ಹತ್ತು ಸೆಂಟಿಮೀಟರಿಗೊಂದು ಕಡೆ ಥರ್ಮಾಮೀಟರ್ ಚುಚ್ಚುತ್ತಾ ಇಳಿದರೆ ಮೇಲೆ ಮೈನಸ್ 12 ಇದ್ದದ್ದು ನೆಲದ ಹತ್ತಿರ ಸೊನ್ನೆಗೆ ಬಂದಿರುತ್ತದೆ. ಹಿಮದ ಒಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಕಂಬಳಿಯಂತೆ ಕೆಲಸ ಮಾಡುತ್ತದೆ, ನೆಲದ ಕಾವನ್ನು ಹೊರಗೆ ಬಿಡುವುದಿಲ್ಲ.

ಆಮೇಲೆ ಗೊತ್ತಾದ ಅಳತೆಯ ಕೊಳವೆ ಚುಚ್ಚಿ ಹಿಮ ತೆಗೆದು ತೂಗುತ್ತೇವೆ. ಈ ಉಪಾಯವನ್ನು ಸುಮಾರು ನೂರ ಹದಿನೈದು ವರ್ಷದ ಹಿಂದೆ ಅಮೆರಿಕದ ನೆವಾಡಾದಲ್ಲಿ ಬಳಕೆಗೆ ತಂದವರು ಜೇಮ್ಸ್ ಚರ್ಚ್. ಅವರು ಎಂಜಿನಿಯರ್ ಅಲ್ಲ, ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಮೇಷ್ಟ್ರು! ಚಳಿಗಾಲದಲ್ಲಿ ಬೆಟ್ಟ ಹತ್ತುವ ಹುಚ್ಚು ಅವರನ್ನು ಅಲ್ಲಿಗೆ ಎಳೆದೊಯ್ದಿತ್ತು. ವಸಂತಕ್ಕೆ ಟಾಹೋ ಸರೋವರದ ನೀರು ಎಷ್ಟು ಏರುತ್ತದೆ ಎಂದು ಹಿಮ ತೂಗಿಯೇ ಹೇಳುತ್ತಿದ್ದರು.

ತೂಕವೇ ಯಾಕೆ ಮುಖ್ಯ? ಈಗ ತಾನೇ ಬಿದ್ದ ಹಿಮ ಒಂದು ಮೀಟರ್ ಇದ್ದರೆ ಕರಗಿದಾಗ ಸಿಗುವ ನೀರು ಬರೀ ಹತ್ತು ಸೆಂಟಿಮೀಟರ್, ಕೆಲವೊಮ್ಮೆ ಐದೇ. ಅದೇ ಫೆಬ್ರವರಿಯ ಹೊತ್ತಿಗೆ ಕುಸಿದು ಕೂತ ಒಂದು ಮೀಟರ್ ಹಿಮದಲ್ಲಿ ಮೂವತ್ತು ಸೆಂಟಿಮೀಟರ್ ನೀರು. ಏಪ್ರಿಲ್ ಮೇ ತಿಂಗಳ ಹಳೆಯ ಹಿಮದಲ್ಲಿ ನಲವತ್ತು, ಐವತ್ತು. ಎತ್ತರ ಒಂದೇ, ಬೆಲೆ ಐದು ಪಟ್ಟು ಬೇರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 97 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ, ನೀವು ಸಿಸ್ಸುವಿನಲ್ಲಿ ನಿಂತಿದ್ದ ಆ ಸೊಂಟದೆತ್ತರದ ಹಿಮದಲ್ಲಿ ನಿಮ್ಮೂರಿನ ನಾಲ್ಕು ತಿಂಗಳ ಪಾಲಿನ ಮಳೆ ನಿಂತಿತ್ತು.

ಬಿದ್ದ ಹಿಮ ಸುಮ್ನೆ ಕೂರುವುದಿಲ್ಲ, ಕಾಳು ಬದಲಾಗುತ್ತಲೇ ಇರುತ್ತದೆ. ಆರು ತೋಳಿನ ಆ ಚಂದದ ಹರಳು ಕೆಲವೇ ದಿನಗಳಲ್ಲಿ ತೋಳು ಕಳೆದುಕೊಂಡು ಸಣ್ಣ ರವೆಯಂತಾಗುತ್ತದೆ. ರವೆ ರವೆಗೆ ಅಂಟಿ ಹಿಮ ಕುಸಿಯುತ್ತದೆ, ಗಟ್ಟಿಯಾಗುತ್ತದೆ. ಬಿಸಿಲೇರಿದ ಮೇಲೆ ದಿನಾ ಕರಗಿ ರಾತ್ರಿ ಹೆಪ್ಪುಗಟ್ಟಿ ಅದು ಉಪ್ಪಿಟ್ಟಿನ ರವೆ, ಕೊನೆಗೆ ನೆನೆಸಿದ ಸಬ್ಬಕ್ಕಿ. ಕೈಯಲ್ಲಿ ಹಿಡಿದರೆ ಥೇಟ್ ಸಬ್ಬಕ್ಕಿಯೇ, ಒದ್ದೆ, ಗುಂಡು, ಉರುಳುವಂಥದ್ದು. ಹಿಮದ ವಯಸ್ಸು ಕೇಳಬೇಕಿಲ್ಲ, ಮುಷ್ಟಿಯಲ್ಲಿ ಹಿಡಿದರೆ ಸಾಕು.

ಇನ್ನೊಂದು ಬಗೆಯ ಕಾಳಿದೆ, ಅದು ಒಳ್ಳೆಯದಲ್ಲ. ಹಿಮ ತೆಳುವಾಗಿದ್ದು ಮೇಲೆ ತುಂಬಾ ಚಳಿ ಇದ್ದರೆ ತಳದ ತೇವ ಆವಿಯಾಗಿ ಮೇಲೇರಿ ನಡುವೆ ಹರಳುಗಟ್ಟುತ್ತದೆ. ಸಕ್ಕರೆ ಹರಳಿನ ಹಾಗೆ, ಒಂದಕ್ಕೊಂದು ಅಂಟುವುದೇ ಇಲ್ಲ. ಅದರ ಮೇಲೆ ಹೊಸ ಹಿಮ ಎರಡು ಮೂರು ಅಡಿ ಕೂತರೆ ಇಳಿಜಾರಿನಲ್ಲಿ ಸಕ್ಕರೆಯ ಮೇಲೆ ಹಲಗೆ ಇಟ್ಟ ಹಾಗೆ. ಒಬ್ಬ ಮನುಷ್ಯ ಹೆಜ್ಜೆ ಇಟ್ಟರೂ ಹಲಗೆ ಸೀಳಿ ಜಾರಬಹುದು. ಹಿಮಕುಸಿತದ ಅಪಾಯ ಜೋರು ಹಿಮ ಬಿದ್ದ ಒಂದೆರಡು ದಿನ ಹೆಚ್ಚಿರುವುದು ಇದಕ್ಕೇ. ಹಿಮಕುಸಿತ ಎಂದರೆ ಕನ್ನಡಿಗರಿಗೆ ನೆನಪಾಗುವುದು ಸಿಯಾಚಿನ್. 2016ರ ಫೆಬ್ರವರಿ 3ರಂದು ಸೋನಮ್ ಠಾಣೆಯಲ್ಲಿ ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿದರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಲ್ಲಿ ಕುಸಿದದ್ದು ಹಿಮನದಿಯ ಮೇಲಿನ ಮಂಜುಗಡ್ಡೆಯ ಗೋಡೆ, ನಾನು ಹೇಳಿದ ಸಕ್ಕರೆ ಪದರದ ಕತೆಯೇ ಬೇರೆ. ಆದರೂ ಆ ವಾರ ನಮ್ಮ ಕೆಲಸದವರು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ಕರಗುವ ವಿಷಯ. ‘ಅಷ್ಟು ಬಿಸಿಲಲ್ಲೂ’ ಎಂದು ಬರೆದಿದ್ದೀರಿ. ಹಾಗಿದ್ದರೆ ಲೆಕ್ಕ ಹಾಕಿಯೇ ನೋಡೋಣ, ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲಿ.

ಒಂದು ಚದರ ಮೀಟರ್ ಜಾಗದಲ್ಲಿ ಕೂತ ಹಿಮ ಒಂದು ಮೀಟರ್ ಇದೆ, ಅಂದರೆ ಸುಮಾರು 300 ಕಿಲೋ. ಮಂಜುಗಡ್ಡೆ ಕರಗಿಸುವುದು ದುಬಾರಿ ಕೆಲಸ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರು ಮಾಡಲು ಬೇಕಾದ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. 300 ಕಿಲೋಗೆ ಒಟ್ಟು ಸುಮಾರು 28 ಯೂನಿಟ್ ಬೇಕು. ಜನವರಿಯಲ್ಲಿ ಆ ಒಂದು ಚದರ ಮೀಟರಿಗೆ ದಿನಕ್ಕೆ ಬರುವ ಬಿಸಿಲು 3 ಯೂನಿಟ್ ಆಸುಪಾಸು. ಹೊಸ ಹಿಮ ಅದರಲ್ಲಿ ನೂರಕ್ಕೆ 80ರಿಂದ 90ರಷ್ಟನ್ನು ಕನ್ನಡಿಯ ಹಾಗೆ ವಾಪಸ್ ಎಸೆಯುತ್ತದೆ. ಒಳಗೆ ಇಳಿಯುವುದು ಅರ್ಧ ಯೂನಿಟ್ಟಿನ ಆಸುಪಾಸು. ಮೋಡವಿಲ್ಲದ ರಾತ್ರಿಯಲ್ಲಿ ಹಿಮ ಆಕಾಶಕ್ಕೆ ಬಿಟ್ಟುಕೊಡುವ ಶಾಖ ಅದನ್ನೂ ನುಂಗಿಹಾಕುತ್ತದೆ. ದಿನವಿಡೀ ಬಿಸಿಲಿದ್ದರೂ ಲೆಕ್ಕ ಸೊನ್ನೆ ಅಥವಾ ಮೈನಸ್.

ಮೇ ತಿಂಗಳಲ್ಲಿ ಬರುವುದು 7 ಯೂನಿಟ್. ಹಿಮ ಆಗ ಹಳೆಯದು, ಕಾಳು ದಪ್ಪ, ಧೂಳು ಕೂತಿದೆ, ಅರ್ಧದಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರಾತ್ರಿಯೂ ಗಿಡ್ಡ. ಖರ್ಚು ಕಳೆದು ದಿನಕ್ಕೆ ಎರಡೂವರೆ ಯೂನಿಟ್ ಕೈಯಲ್ಲಿ ಉಳಿದರೂ ಆ 28 ಯೂನಿಟ್ ಹನ್ನೊಂದು ಹನ್ನೆರಡು ದಿನಕ್ಕೆ ತೀರುತ್ತದೆ. ಮೂರು ತಿಂಗಳು ಅಲುಗಾಡದ ಹಿಮ ಎರಡು ವಾರದಲ್ಲಿ ಮಾಯವಾಗುವುದರ ಗುಟ್ಟು ಇಷ್ಟೇ. ಹಿಮಾಲಯದ ಎತ್ತರದಲ್ಲಿ ಹಿಮ ಕರಗಿಸುವುದು ಮುಖ್ಯವಾಗಿ ಬಿಸಿಲು. ಗಾಳಿಯ ಬಿಸಿ ಅದರ ಕೈಕೆಳಗಿನ ಆಳು.

ಈ ವಾಪಸ್ ಎಸೆಯುವ ಗುಣವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೊದಲ ಚಳಿಗಾಲದಲ್ಲಿ ಒಂದು ದಿನ ಕಪ್ಪು ಕನ್ನಡಕ ಮಂಜಾಗುತ್ತಿದೆ ಎಂದು ತೆಗೆದು ಜೇಬಿಗೆ ಹಾಕಿ ಕೆಲಸ ಮಾಡಿದೆ. ರಾತ್ರಿ ಕಣ್ಣಿಗೆ ಮರಳು ಎರಚಿದ ಹಾಗಾಯಿತು, ಎರಡು ದಿನ ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಬಿಸಿಲು ಸುಟ್ಟದ್ದು ಹಣೆಯನ್ನಲ್ಲ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಒಳಗೆ! ಬಿಸಿಲು ಕೆಳಗಿನಿಂದ ಬರುತ್ತಿತ್ತು.

ಬಣ್ಣ ಬದಲಾದರೆ ಲೆಕ್ಕ ಬದಲಾಗುತ್ತದೆ ಎಂದು ಚೆನ್ನಾಗಿ ಬಲ್ಲವರು ಲಡಾಖ್‌ನ ಜಾನ್ಸ್ಕಾರ್ ಕಣಿವೆಯ ರೈತರು. ಅಲ್ಲಿ ಬೆಳೆಗೆ ಸಿಗುವ ದಿನಗಳೇ ಕಮ್ಮಿ. ಹೊಲದ ಹಿಮ ತಾನಾಗಿ ಕರಗಲಿ ಎಂದು ಕಾದರೆ ಬಾರ್ಲಿ ಮಾಗುವುದಿಲ್ಲ. ಅದಕ್ಕೆ ಚಳಿಗಾಲಕ್ಕೆ ಮೊದಲೇ ಮಣ್ಣು ಕೂಡಿಟ್ಟುಕೊಂಡು, ವಸಂತದಲ್ಲಿ ಬುಟ್ಟಿಯಲ್ಲಿ ಹೊತ್ತು ಹೊಲದ ಹಿಮದ ಮೇಲೆ ಎರಚುತ್ತಾರೆ. ಕಂದು ಮಣ್ಣು ಬಿಸಿಲು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ಮನಾಲಿಯ ಮಾಲ್ ರೋಡಿನಲ್ಲಿ ಟೈರು, ಹೊಗೆ, ಚಹಾ ಚೆಲ್ಲಿದ ಕಲೆ ಎಲ್ಲ ಸೇರಿ ಪುಕ್ಕಟೆಯಾಗಿ ಮಾಡುವುದು ಇದೇ ಕೆಲಸ.

ಬಿಸಿಲೇ ಯಜಮಾನ ಎಂದ ಮೇಲೆ ಗುಡ್ಡದ ಮುಖ ಯಾವ ಕಡೆಗಿದೆ ಎನ್ನುವುದು ಎತ್ತರದಷ್ಟೇ ಮುಖ್ಯ. ನಮ್ಮೂರಲ್ಲೇ ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ನಡುಮನೆಗೆ ಬರುತ್ತದೆ. ಲಾಹೌಲ್‌ನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಇನ್ನೂ ತಗ್ಗು, ದಿಗಂತದಿಂದ ಬರೀ 34 ಡಿಗ್ರಿ ಮೇಲೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ನೇರ ಎದೆಗೆ ಬೀಳುತ್ತದೆ, ಉತ್ತರದ್ದಕ್ಕೆ ವಾರಗಟ್ಟಲೆ ಬೀಳುವುದೇ ಇಲ್ಲ. ಸಿಸ್ಸುವಿನಲ್ಲಿ ತೆಗೆದ ನಿಮ್ಮ ಫೋಟೊಗಳನ್ನು ಮತ್ತೆ ನೋಡಿ. ಒಂದು ಕಡೆ ಗುಡ್ಡದಲ್ಲಿ ಬಂಡೆ ಕಾಣುತ್ತಿರುತ್ತದೆ, ನದಿಯ ಇನ್ನೊಂದು ಕಡೆ ಬೆಳ್ಳಗೆ.

ಕರಗಲು ಶುರುವಾದ ತಕ್ಷಣ ನೀರು ಹೊಳೆಗೆ ಬರುವುದಿಲ್ಲ. ಮೊದಲು ಇಡೀ ಹಿಮ ತಳದಿಂದ ತುದಿಯವರೆಗೆ ಸೊನ್ನೆ ಡಿಗ್ರಿಗೆ ಬರಬೇಕು. ಮೇಲೆ ಕರಗಿದ ನೀರು ಒಳಗಿಳಿದು ತಣ್ಣನೆ ಪದರದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಆಮೇಲೆ ಕಾಳುಗಳ ನಡುವಿನ ಸಂದು ಸ್ಪಂಜಿನ ಹಾಗೆ ಒಂದಿಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಸ್ಪಂಜು ತುಂಬಿದ ಮೇಲೆಯೇ ತಳದಿಂದ ನೀರು ಹೊರಡುವುದು. ಅಲ್ಲಿಂದ ಮುಂದೆ ತಡೆಯಿಲ್ಲ. ಆಗ ಹೊಳೆಗೆ ದಿನಚರಿಯೇ ಬರುತ್ತದೆ. ಬೆಳಗ್ಗೆ ಇಳಿದಿರುತ್ತದೆ, ಮಧ್ಯಾಹ್ನದ ಮೇಲೆ ಏರುತ್ತಾ ಹೋಗಿ ಸಂಜೆ ಉಕ್ಕುತ್ತದೆ. ಮನಾಲಿಯಿಂದ ಕಾಜಾ ಕಡೆ ಹೋಗುವ ಡ್ರೈವರುಗಳು ಕತ್ತಲಿರುವಾಗಲೇ ಎಬ್ಬಿಸುವುದು ನಿಮ್ಮ ನಿದ್ದೆ ಕೆಡಿಸುವ ಆಸೆಯಿಂದಲ್ಲ. ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ನೀರೇರುವ ಮೊದಲು ದಾಟಬೇಕು. ಬೆಳಗ್ಗೆ ಟೈರು ಮುಳುಗದ ನಾಲಾ ಸಂಜೆ ನಾಲ್ಕಕ್ಕೆ ಜೀಪನ್ನು ಎಳೆದುಕೊಂಡು ಹೋಗಬಹುದು.

ರೋಹ್ತಾಂಗ್ ಗೋಡೆಯ ಬಗ್ಗೆ. ಆ ಫೋಟೊ ಸುಳ್ಳಲ್ಲ, ಆದರೆ ಅದು ಹೇಳುವಷ್ಟು ಹಿಮ ಎಲ್ಲ ಕಡೆ ಇರುವುದಿಲ್ಲ. ಪಾಸ್ 3,978 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹಿಮ ಜಾಸ್ತಿ ಎನ್ನುವುದು ಸರಿ. ಆದರೆ ಅಲ್ಲಿ ಗಾಳಿಯೂ ಜೋರು. ಬಯಲಿನ ಹಿಮವನ್ನು ಗುಡಿಸಿ ತಂದು ತಗ್ಗಿನಲ್ಲಿ, ತಿರುವಿನಲ್ಲಿ ಪೇರಿಸುತ್ತದೆ. ಗುಡ್ಡ ಕೊರೆದು ಮಾಡಿದ ರಸ್ತೆಗಿಂತ ಒಳ್ಳೆಯ ತಗ್ಗು ಗಾಳಿಗೆ ಎಲ್ಲಿ ಸಿಗಬೇಕು? ವಸಂತದಲ್ಲಿ ಗಡಿ ರಸ್ತೆ ಸಂಸ್ಥೆಯವರು ಅದನ್ನು ಮೆಷಿನ್ನಿನಲ್ಲಿ ಕೊರೆದು ಪಕ್ಕಕ್ಕೆ ಎಸೆಯುತ್ತಾರೆ, ಅದೂ ಗೋಡೆಯ ಮೇಲೆಯೇ ಬೀಳುತ್ತದೆ. ಗೋಡೆ ಹತ್ತಿ ಆಚೆ ನೋಡಿದರೆ ಕೆಲವು ಕಡೆ ಹುಲ್ಲು ಕಾಣುವುದುಂಟು. ಇಷ್ಟು ದಟ್ಟ ಹಿಮ ಗುಂಪಾಗಿ ಕೂತರೆ ಬಿಸಿಲಿಗೆ ಸಿಗುವುದು ಮೇಲ್ಮೈ ಮಾತ್ರ, ಹಾಗಾಗಿ ಜೂನ್‌ವರೆಗೂ ಎಳೆಯುತ್ತದೆ.

ಎಲ್ಲ ಕಡೆ ಹಿಮ ಕರಗಿಯೇ ಹೋಗಬೇಕು ಎಂದೂ ಇಲ್ಲ. ಇನ್ನೂ ಆಚೆಯ ಲೇಹ್‌ನಲ್ಲಿ ವರ್ಷಕ್ಕೆ ಮಳೆ ಹಿಮ ಎಲ್ಲ ಸೇರಿ ಸುಮಾರು ಹತ್ತು ಸೆಂಟಿಮೀಟರ್ ನೀರು. ಅಲ್ಲಿ ಗಾಳಿ ಒಣ, ಬಿಸಿಲು ಚುರುಕು. ಬಟ್ಟೆ ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆ ಒದ್ದೆಯಾಗದೆ ಸವೆಯುವ ಹಾಗೆ ತೆಳು ಹಿಮ ನೇರವಾಗಿ ಆವಿಯಾಗಿ ಹೋಗುತ್ತದೆ. ಅದಕ್ಕೆ ಕರಗುವುದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು ಶಾಖ ಬೇಕು. ಹಾಗೆ ಹೋದ ಹಿಮದಿಂದ ಹೊಳೆಗೆ ಒಂದು ಹನಿಯೂ ಇಲ್ಲ.

ಹಿಮ ಕಮ್ಮಿ ಆಗುತ್ತಿದೆಯೇ? ಹೋಟೆಲಿನವರು ಹೇಳಿದ್ದರಲ್ಲಿ ನಿಜವಿದೆ, ಆದರೆ ಒಂದು ಚಳಿಗಾಲ ನೋಡಿ ಹೇಳಬಾರದು. ಒಂದು ವರ್ಷ ಬರ, ಮರುವರ್ಷ ಸುಗ್ಗಿ ಆಗುವುದು ಅಲ್ಲಿ ಮಾಮೂಲು. 2000ದಿಂದ ನಮಗೆ ಟೆರ್ರಾ ಉಪಗ್ರಹದ ಮೋಡಿಸ್ ಕ್ಯಾಮೆರಾ ದಿನಾ ಚಿತ್ರ ಕೊಡುತ್ತಿದೆ. ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್ ಕೂಡ ಹಿಮ ನೋಡುತ್ತದೆ. ಮೇಲಿನಿಂದ ಮೋಡವೂ ಬಿಳಿ, ಹಿಮವೂ ಬಿಳಿ. ಆದರೆ ಕಣ್ಣಿಗೆ ಕಾಣದ ಒಂದು ಬಗೆಯ ಅವಗೆಂಪು ಬೆಳಕಿನಲ್ಲಿ ಹಿಮ ಕಪ್ಪಗೆ ಕಾಣುತ್ತದೆ, ಮೋಡ ಬೆಳ್ಳಗೇ ಇರುತ್ತದೆ. ಹೀಗೆ ಎರಡನ್ನೂ ಬೇರೆ ಮಾಡುತ್ತಾರೆ. ಈ ಚಿತ್ರಗಳ ಒಂದು ಮಿತಿ ನೆನಪಿರಲಿ. ಹೊದಿಕೆ ಎಷ್ಟು ಅಗಲ ಎಂದು ಹೇಳುತ್ತವೆ, ಎಷ್ಟು ದಪ್ಪ ಎಂದು ಹೇಳುವುದಿಲ್ಲ. ಐದು ಸೆಂಟಿಮೀಟರ್ ಹಿಮವೂ ಎರಡು ಮೀಟರ್ ಹಿಮವೂ ಚಿತ್ರದಲ್ಲಿ ಒಂದೇ. ಟೀವಿಯಲ್ಲಿ ‘ಇಡೀ ಹಿಮಾಚಲ ಬಿಳಿ ಹೊದಿಕೆಯಲ್ಲಿ’ ಎಂದು ತೋರಿಸಿದಾಗ ನಾನು ಅಷ್ಟೇನೂ ಖುಷಿಪಡುವುದಿಲ್ಲ.

ಹೊದಿಕೆ ಎಷ್ಟು ದಿನ ನಿಂತಿತು ಎಂದು ಲೆಕ್ಕ ಹಾಕಿದರೆ ಹೆಚ್ಚು ತಿಳಿಯುತ್ತದೆ. ಕಾಠ್ಮಂಡುವಿನ ಐಸಿಮೋಡ್ ಸಂಸ್ಥೆ ಹಿಂದೂಕುಷ್‌ನಿಂದ ಹಿಮಾಲಯದವರೆಗೆ ಈ ಲೆಕ್ಕ ಇಡುತ್ತದೆ. ಅದರ ಪ್ರಕಾರ 2024–25ರ ಚಳಿಗಾಲದಲ್ಲಿ ಹಿಮ ನೆಲದ ಮೇಲೆ ನಿಂತ ಕಾಲ ವಾಡಿಕೆಗಿಂತ ಶೇಕಡಾ 23.6ರಷ್ಟು ಕಮ್ಮಿ, 23 ವರ್ಷಗಳಲ್ಲೇ ಕನಿಷ್ಠ. ಅದು ಸತತ ಮೂರನೇ ಕೊರತೆಯ ವರ್ಷ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಸ್ಕೀ ಇಳಿಜಾರುಗಳು ಒಣ ಹುಲ್ಲಿನಲ್ಲಿ ಕಂದಾಗಿ ನಿಂತ ಚಿತ್ರ ನೀವೂ ನೋಡಿರುತ್ತೀರಿ. ಫೆಬ್ರವರಿಗೆ ಅಲ್ಲಿ ಹಿಮ ಬಂತು ನಿಜ. ಆದರೆ ತಡವಾಗಿ ಬಂದ ಹಿಮಕ್ಕೂ ಹೊತ್ತಿಗೆ ಸರಿಯಾಗಿ ಬಂದ ಹಿಮಕ್ಕೂ ಬಾಳಿಕೆಯಲ್ಲಿ ವ್ಯತ್ಯಾಸವಿದೆ.

ಕಾಶ್ಮೀರಿಗಳು ಇದನ್ನು ನಮಗಿಂತ ಮೊದಲೇ ಬಲ್ಲರು. ಡಿಸೆಂಬರ್ 21ರಿಂದ 40 ದಿನಕ್ಕೆ ಚಿಲ್ಲೈ ಕಲಾನ್ ಎನ್ನುತ್ತಾರೆ, ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ, ಮರಿ ಚಳಿ. ದೊಡ್ಡ ಚಳಿಯಲ್ಲಿ ಬಿದ್ದದ್ದು ಬೇಸಿಗೆಯವರೆಗೆ ನಿಲ್ಲುತ್ತದೆ, ಆಮೇಲಿನದ್ದು ಬಂದ ದಾರಿಯಲ್ಲೇ ಹೋಗುತ್ತದೆ ಎಂಬುದು ಅವರ ಲೆಕ್ಕ. ಮೇಲಿನ ಯೂನಿಟ್ ಲೆಕ್ಕ ಹಾಕಿದರೂ ಅದೇ ಉತ್ತರ. ಜನವರಿಯ ಹಿಮಕ್ಕೆ ಕುಸಿದು ಗಟ್ಟಿಯಾಗಲು ಎರಡು ತಿಂಗಳ ಬಿಡುವು ಸಿಗುತ್ತದೆ. ಮಾರ್ಚಿನ ಹಿಮ ಬೀಳುವ ಹೊತ್ತಿಗೆ ಸೂರ್ಯ ಆಗಲೇ ಮೇಲೇರಿರುತ್ತಾನೆ. ಇದರ ಜೊತೆ ಉಷ್ಣತೆ ಒಂದೆರಡು ಡಿಗ್ರಿ ಏರಿದರೆ ಮನಾಲಿಯಂಥ ಅಂಚಿನ ಊರುಗಳಲ್ಲಿ ಹಿಮವಾಗಿ ಬೀಳಬೇಕಾದ್ದು ಮಳೆಯಾಗಿ ಬೀಳುತ್ತದೆ. ಅಂಚಿನ ಊರಿನವರಿಗೇ ಮೊದಲು ಗೊತ್ತಾಗುವುದು. ನಿಮ್ಮ ಹೋಟೆಲಿನವರು ಅಂಥ ಊರಿನವರು.

ಇದು ಬರೀ ಪ್ರವಾಸಿಗರ ಚಿಂತೆಯಲ್ಲ. ರೋಹ್ತಾಂಗ್‌ನ ಈಚೆ ಕರಗಿದ್ದು ಬಿಯಾಸ್‌ಗೆ, ಆಚೆ ಕರಗಿದ್ದು ಚಂದ್ರಾ ನದಿಗೆ. ಚಂದ್ರಾ ತಾಂಡಿಯಲ್ಲಿ ಭಾಗಾ ಜೊತೆ ಸೇರಿ ಚಿನಾಬ್ ಆಗುತ್ತದೆ. ನಮ್ಮ ಕಾವೇರಿಯಲ್ಲಿ ಮಳೆ ಬಂದ ವಾರದಲ್ಲೇ ನೀರು ಬಂತು, ಅದನ್ನು ಹಿಡಿದಿಡಲು ಕೆಆರ್‌ಎಸ್ ಕಟ್ಟಬೇಕಾಯಿತು. ಅಲ್ಲಿ ಜನವರಿಯ ನೀರನ್ನು ಏಪ್ರಿಲ್, ಮೇ, ಜೂನ್‌ಗೆ ಹಿಡಿದಿಡುವುದು ಗುಡ್ಡದ ಮೇಲಿನ ಹಿಮವೇ, ಮುಂಗಾರು ಇನ್ನೂ ಮುಟ್ಟದ ಆ ತಿಂಗಳುಗಳಿಗೆ. ಭಾಕ್ರಾ ಅಣೆಕಟ್ಟಿಗೆ ಬರುವ ಸಟ್ಲೆಜ್ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮ ಮತ್ತು ಹಿಮನದಿಗಳು ಕರಗಿ ಬಂದದ್ದು. ಅದೇ ನೀರು ಹಿಮವಾಗದೆ ಜನವರಿಯಲ್ಲೇ ಮಳೆಯಾಗಿ ಹರಿದುಹೋದರೆ ಪಂಜಾಬಿನ ರೈತನಿಗೆ ಜೂನ್‌ನಲ್ಲಿ ಏನು ಸಿಕ್ಕೀತು?

ಹಿಮಕ್ಕೂ ನಮ್ಮ ಮಳೆಗೂ ಸಂಬಂಧ ಇದೆಯೇ ಎಂದು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಧಾತು–ಈಶ್ವರ ಸಂವತ್ಸರದ ಬರ ಹಳೆ ಮೈಸೂರಿನವರ ಮನೆಮಾತು, 1876–78ರ ಆ ಬರ. ಅದಾದ ಮೇಲೆ ಮುಂಗಾರನ್ನು ಮೊದಲೇ ಹೇಳಲು ಆಗುತ್ತದೆಯೇ ಎಂದು ಸರ್ಕಾರ ಹವಾಮಾನ ಇಲಾಖೆಯನ್ನು ಕೇಳಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ 1884ರಲ್ಲಿ ಒಂದು ಸೂತ್ರ ಮುಂದಿಟ್ಟರು: ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಮುಂಗಾರು ಸೊರಗುತ್ತದೆ. ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ, ಉಳಿದದ್ದು ಕರಗಿಸಲು ಖರ್ಚಾಗುತ್ತದೆ, ನೆಲ ಕಾಯುವುದು ತಡವಾಗುತ್ತದೆ. ಒಳ್ಳೆಯ ತರ್ಕವೇ. ಆದರೆ ಮುಂಗಾರಿಗೆ ಪೆಸಿಫಿಕ್‌ನ ಎಲ್ ನಿನೊ ಸೇರಿ ಹತ್ತಾರು ಯಜಮಾನರು. ಹಿಮ ಒಂದನ್ನೇ ನೋಡಿ ನಿಮ್ಮೂರಿನ ಮಳೆ ಹೇಳಲು ಬರುವುದಿಲ್ಲ.

ಕೊನೆಗೆ ಅಪ್ಪ ಅಮ್ಮನ ವಿಷಯ. ಫೆಬ್ರವರಿಯ ಎರಡನೇ ಅರ್ಧದಲ್ಲಿ ಕರೆದುಕೊಂಡು ಹೋಗಿ. ಚಿಲ್ಲೈ ಕಲಾನ್ ಮುಗಿದು ಚಳಿಯ ಹಲ್ಲು ಸ್ವಲ್ಪ ಮೊಂಡಾಗಿರುತ್ತದೆ, ಹಿಮ ಮಾತ್ರ ಸಿಸ್ಸುವಿನಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಉಳಿಯುವುದು ಮನಾಲಿಯಲ್ಲಿ, ಹಿಮ ನೋಡುವುದು ಸುರಂಗದಾಚೆ. ಏಕಾಏಕಿ 3,100 ಮೀಟರಿನಲ್ಲಿ ರಾತ್ರಿ ಮಲಗಿಸಬೇಡಿ, ವಯಸ್ಸಾದವರಿಗೆ ಉಸಿರಿಗೆ ಕಷ್ಟ. ಜೋರು ಹಿಮ ಬಿದ್ದರೆ ಎರಡು ದಿನ ಮನಾಲಿಯಲ್ಲೇ ಕೂತು ಚಹಾ ಕುಡಿಯಿರಿ, ಪೊಲೀಸರು ಸುರಂಗದ ಬಾಯಲ್ಲಿ ವಾಪಸ್ ಕಳಿಸಿದರೆ ಜಗಳಕ್ಕೆ ನಿಲ್ಲಬೇಡಿ. ಬೆಳಗ್ಗೆ ಹತ್ತರೊಳಗೆ ಹೋದರೆ ಹಿಮ ಕಾಲಿಗೆ ಗಟ್ಟಿ ಸಿಗುತ್ತದೆ, ಮಧ್ಯಾಹ್ನದ ಮೇಲೆ ಸಬ್ಬಕ್ಕಿ ಗಂಜಿಯಾಗಿ ಬೂಟಿನೊಳಗೆ ನೀರು. ಇಬ್ಬರಿಗೂ ಒಳ್ಳೆಯ ಕಪ್ಪು ಕನ್ನಡಕ ಕೊಡಿಸಿ. ಗದ್ದದ ಕೆಳಗೂ ಕ್ರೀಮು ಹಚ್ಚಿಕೊಳ್ಳಲು ಹೇಳಿ. ಅಮ್ಮ ನಗುತ್ತಾರೆ, ಆದರೂ ಹಚ್ಚಿ.